ಹೆಸರು ಮುಚ್ಚಿದ ಕಡತ

ನಮ್ಮೂರಿನಲ್ಲಿ ನಿಮ್ಮ ವಿಷಯ ಬರೆದಿಟ್ಟ ಕಾಗದವನ್ನು ಯಾರಾದರೂ ತೆರೆದು ಓದಿದರೆ ನಿಮಗೆ ಒಂದು ಬಿಕ್ಕಳಿಕೆ ಬರುತ್ತದೆ. ಒಬ್ಬರು ಓದಿದರೆ ಒಂದು, ಇಬ್ಬರು ಓದಿದರೆ ಎರಡು. ಓದುವವರು ಪಕ್ಕದ ಬೀದಿಯಲ್ಲಿದ್ದರೂ ಸರಿ, ಊರಾಚೆಯ ಗೋದಾಮಿನಲ್ಲಿದ್ದರೂ ಸರಿ. ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದುಕೊಂಡು ನೀರು ಕುಡಿದು ಸುಮ್ಮನಾಗುತ್ತಾರಂತೆ. ನಾವು ಹಾಗಲ್ಲ. ಯಾವ ಕಚೇರಿ ಎಂದು ಕೇಳುತ್ತೇವೆ.

ಇದರಲ್ಲಿ ನಮಗೆ ಕಷ್ಟವೇನೂ ಇರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಪುಸ್ತಕ ಓದಲು ಕೂತರೆ ನಾವು ಒಂದನೇ ನಂಬರಿನಿಂದ ಐವತ್ತೊಂದನೇ ನಂಬರಿನವರೆಗೆ ಸಾಲಾಗಿ ಬಿಕ್ಕಳಿಸುತ್ತಿದ್ದೆವು, ಯಾರು ಬಂದಿಲ್ಲ ಎಂಬುದು ಅದರಲ್ಲೇ ತಿಳಿದುಹೋಗುತ್ತಿತ್ತು. ಪುರಸಭೆಯವರು ಕಂದಾಯದ ರಿಜಿಸ್ಟರು ತೆರೆಯುವ ಮುನ್ನ ಗಂಟೆ ಬಾರಿಸುತ್ತಾರೆ. ಗಂಟೆ ಕೇಳಿದೊಡನೆ ಕ್ಷೌರದಂಗಡಿಯಲ್ಲಿ ಕತ್ತಿ ಕೆಳಗಿಳಿಯುತ್ತದೆ, ಮನೆಗಳಲ್ಲಿ ಬಿಸಿ ಕಾಫಿಯ ಲೋಟ ಕೆಳಗಿಳಿಯುತ್ತದೆ. ಗಂಡಿನ ಕಡೆಯವರು ಜಾತಕ ಬಿಚ್ಚಿ ನೋಡಿದರೋ ಇಲ್ಲವೋ ಎಂಬುದು ಹೆಣ್ಣಿಗೆ ತಾನಾಗಿಯೇ ಗೊತ್ತಾಗುತ್ತದೆ. ನನ್ನ ಜಾತಕ ಹದಿನೇಳು ಮನೆಗೆ ಹೋಗಿ ನನಗೆ ನಾಲ್ಕೇ ಬಿಕ್ಕಳಿಕೆ ತಂದಿತು. ಆಮೇಲೆ ನಾನೇ ಸಾಕು ಎಂದೆ. ಆ ಸಾಕು ಎಂದದ್ದಕ್ಕೆ ಇವತ್ತಿಗೂ ನನಗೆ ವ್ಯಥೆಯಿಲ್ಲ.

ಕಂಪನಿಗಳು ಬಂದ ಮೇಲೆ ಲೆಕ್ಕ ತಪ್ಪಿತು. ಸೀರೆ ಅಂಗಡಿಯವನಿಗೂ ನಮ್ಮ ಹುಟ್ಟಿದ ದಿನ ಬೇಕು, ಗ್ಯಾಸಿನವನಿಗೂ ನಮ್ಮ ಮನೆಯಲ್ಲಿ ಎಷ್ಟು ಜನ ಎಂದು ಬೇಕು, ಚಪ್ಪಲಿ ಕೊಳ್ಳಲು ಹೋದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ಬರೆಸಿಕೊಳ್ಳುತ್ತಾರೆ. ಬರೆಸಿಕೊಂಡವರು ಇನ್ನೊಬ್ಬರಿಗೆ ಕೊಡುತ್ತಾರೆ, ಅವರು ಮತ್ತೊಬ್ಬರಿಗೆ. ಊರಿಗೆ ಊರೇ ಹೊತ್ತಲ್ಲದ ಹೊತ್ತಿನಲ್ಲಿ ಬಿಕ್ಕಳಿಸತೊಡಗಿತು. ತಾಳಿ ಕಟ್ಟುವಾಗ ಮದುಮಗನಿಗೆ ಹನ್ನೊಂದು ಬಿಕ್ಕಳಿಕೆ ಬಂದು ಮೂರು ಗಂಟು ಹಾಕುವಷ್ಟರಲ್ಲಿ ಮುಹೂರ್ತವೇ ಮೀರಿತೆಂದರೆ ಜನ ಎಷ್ಟು ದಿನ ಸಹಿಸುತ್ತಾರೆ? ಪುರಸಭೆಯವರು ಕೂತು ಕಡತ ಕಾಯ್ದೆ ತಂದರು. ಕೇಳದೆ ಯಾರ ವಿಷಯವನ್ನೂ ಬರೆದುಕೊಳ್ಳುವಂತಿಲ್ಲ. ಏತಕ್ಕೆ ಬರೆದುಕೊಂಡಿರೋ ಅದಕ್ಕಲ್ಲದೆ ತೆರೆಯುವಂತಿಲ್ಲ. ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳುವಂತಿಲ್ಲ. ತಪ್ಪು ನಡೆದರೆ ಮೂರು ದಿನದೊಳಗೆ ಆ ಮನುಷ್ಯನಿಗೂ ಪುರಸಭೆಗೂ ಬರೆದು ತಿಳಿಸಬೇಕು. ಇವನ್ನೆಲ್ಲ ನೋಡಿಕೊಳ್ಳಲು ಪ್ರತಿ ದೊಡ್ಡ ಕಂಪನಿಯೂ ಒಬ್ಬ ಕಡತ ರಕ್ಷಣಾಧಿಕಾರಿಯನ್ನು ನೇಮಿಸಬೇಕು.

ನಮ್ಮ ವಿಮಾ ಕಂಪನಿ ನನ್ನನ್ನು ನೇಮಿಸಿತು. ಇಪ್ಪತ್ತೆರಡು ವರ್ಷ ಕಡತಗಳ ಕೋಣೆಯಲ್ಲಿ ಧೂಳು ಕುಡಿದಿದ್ದೆ, ನನಗಲ್ಲದೆ ಇನ್ನಾರಿಗೆ ಕೊಡುತ್ತಾರೆ! ಅಧ್ಯಕ್ಷರಾದ ಪಂಚಾಕ್ಷರಯ್ಯನವರು ಮಾತ್ರ ನೇಮಕದ ಕಾಗದ ಕೊಡುವಾಗ, "ನೋಡಮ್ಮ ಸರ್ವಮಂಗಳಾ, ಹೆಚ್ಚೇನೂ ಇಲ್ಲ. ತಿಂಗಳಿಗೊಂದು ವರದಿ ಬರುತ್ತೆ, ಅದರ ಕೆಳಗೊಂದು ಸೈನು ಹಾಕು. ಅಷ್ಟೇ," ಎಂದರು.

"ಓದಿ ಹಾಕ್ತೀನಿ ಸಾರ್," ಎಂದೆ. ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ.

ನಾನು ಕೆಲಸ ಹಿಡಿದರೆ ಅರ್ಧಂಬರ್ಧ ಮಾಡುವವಳಲ್ಲ. ಕಂಪನಿಯಲ್ಲಿ ನಲವತ್ತೆರಡು ಜನ ಗುಮಾಸ್ತರು. ದಿನಕ್ಕೆ ಏಳು ಜನರಂತೆ ವಾರಕ್ಕೆ ಆರು ದಿನ, ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದರವರೆಗೆ ತರಗತಿ ಇಟ್ಟೆ. ಮುಂದಿನ ವಾರ ಮತ್ತೆ ಮೊದಲಿನಿಂದ, ಮರೆಯಬಾರದಲ್ಲ. ಮೊದಲ ಪಾಠ: ಕಡತದಲ್ಲಿ ಓದಿದ್ದು ಬಾಯಿಗೆ ಬರಬಾರದು, ಹೆಂಡತಿಗೂ ಇಲ್ಲ, ಗಂಡನಿಗೂ ಇಲ್ಲ, ಈ ಕೋಣೆಯಿಂದಾಚೆ ನಿಮ್ಮ ನಿಮ್ಮಲ್ಲೂ ಇಲ್ಲ. ಎರಡನೆಯದು, ಒಂದು ಕಡತ ಹೇಗಿರಬೇಕು ಎಂದು ತೋರಿಸುವುದು. ಅದಕ್ಕಾಗಿ ಕಪಾಟಿನಲ್ಲಿ ಹುಡುಕಿ ಒಂದು ಮಾದರಿ ಕಡತ ತೆಗೆದಿದ್ದೆ. ಅರ್ಜಿಯನ್ನು ಯಾರೋ ಸ್ವಂತ ಕೈಯಲ್ಲಿ ತುಂಬಿದ್ದರು, ಮುತ್ತು ಪೋಣಿಸಿದಂತಹ ಅಕ್ಷರ, ಒಂದು ಚಿತ್ತು ಇಲ್ಲ, ಒಂದು ಅಂಕಣ ಖಾಲಿ ಇಲ್ಲ. ಅಕ್ಷರಕ್ಕೇ ಮರುಳಾದೆ. ಹೆಸರಿನ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿ, "ನೋಡಿ, ಹೆಸರು ಮುಚ್ಚಿದ್ದೀನಿ. ಈಗ ಇದು ಯಾರದೂ ಅಲ್ಲ," ಎಂದು ಹೇಳಿ ಒಬ್ಬೊಬ್ಬರ ಕೈಗೂ ಕೊಡುತ್ತಿದ್ದೆ. ಏಳು ಜನ ತೆರೆದು ಓದಿ ಹಿಂದಿರುಗಿಸುತ್ತಿದ್ದರು. ಊರಿನ ಬೇರೆ ಕಂಪನಿಗಳಲ್ಲಿ ಅಧಿಕಾರಿ ಎಂಬವರು ಕುರ್ಚಿ ಬಿಸಿ ಮಾಡುತ್ತಿದ್ದಾಗ ನಮ್ಮಲ್ಲಿ ತರಗತಿ ನಡೆಯುತ್ತಿತ್ತು. ಪುರಸಭೆಯ ಅಧ್ಯಕ್ಷೆಯೇ ಒಮ್ಮೆ ಬಂದು ನೋಡಿ ತಲೆದೂಗಿ ಹೋಗಿದ್ದರು. ಅಂದು ಮನೆಗೆ ನಾನು ನಡೆದು ಹೋದೆನೋ ತೇಲಿ ಹೋದೆನೋ ನೆನಪಿಲ್ಲ.

ಹುದ್ದೆಗೆ ತಕ್ಕ ಫಲಕ ಬೇಡವೆ? ಒಂದು ಹಿತ್ತಾಳೆ ತಗಡು ಕೊಂಡು ವಿಶಾಲಕ್ಕನ ಅಂಗಡಿಗೆ ಕೊಟ್ಟೆ. ವಿಶಾಲಕ್ಕ ಎಂದರೆ ಪಾತ್ರೆಗೆ ಹೆಸರು ಹಾಕುವವರು. ನಮ್ಮೂರಿಗೆಲ್ಲ ಅವರೊಬ್ಬರೇ. ಗುರ್‍ರೆನ್ನುವ ಪುಟ್ಟ ಮೆಷಿನ್ನನ್ನು ಪೆನ್ನಿನಂತೆ ಹಿಡಿದು ಮೂವತ್ತು ವರ್ಷದಿಂದ ಊರಿನ ಎಲ್ಲ ಕೊಡ, ತಟ್ಟೆ, ಲೋಟಗಳ ಮೇಲೆ ಕೊರೆದಿದ್ದಾರೆ. ಪಕ್ಕದ ಮನೆಗೆ ಹುಳಿ ಹೋದ ಡಬ್ಬಿ ವಾಪಸು ಬರುತ್ತದೆಂದರೆ ಅದು ವಿಶಾಲಕ್ಕನ ದಯೆ. ನಮ್ಮ ಕಚೇರಿಯಿಂದ ನಾಲ್ಕು ಅಂಗಡಿ ದಾಟಿದರೆ ಅವರದು.

ಫಲಕ ತರಲು ಹೋದವಳು ಅದನ್ನು ನೋಡಿ ಹೌಹಾರಿದೆ. ಸರ್ವಮಂಗಳಾ ಎಂಬುದರಲ್ಲಿ 'ಗ' ತನಕ ಎಲ್ಲ ಸರಿಯಿದೆ. 'ಳಾ' ಬಂದಾಗ ಗೆರೆಯೊಂದು ಹಲ್ಲಿಯ ಬಾಲದಂತೆ ತಗಡಿನ ಅಂಚಿನವರೆಗೆ ಎಗರಿದೆ. ನನ್ನ ಹುದ್ದೆಯ ಮೊದಲ ಫಲಕ! ಇಪ್ಪತ್ತೆರಡು ವರ್ಷ ಕಾದಿದ್ದೆ. ಬಾಯಿ ತೆರೆದು ಬೈಯಬೇಕು ಎನ್ನುವಷ್ಟರಲ್ಲಿ ವಿಶಾಲಕ್ಕನ ಮುಖ ಕಂಡಿತು.

"ಬೈದುಬಿಡಿ ಮಂಗಳಮ್ಮ. ಬೈಸ್ಕೊಂಡು ಬೈಸ್ಕೊಂಡು ರೂಢಿಯಾಗಿದೆ," ಎಂದರು. ಹಿಂದೆ ಪೇರಿಸಿದ್ದ ಸ್ಟೀಲು ತಟ್ಟೆಗಳನ್ನು ತೋರಿಸಿದರು. ಹೊಸ ಕಲ್ಯಾಣ ಮಂಟಪದ ಎಂಟುನೂರು ತಟ್ಟೆ. ಪ್ರತಿಯೊಂದರ ಮೇಲೂ ಮಂಟಪದ ಹೆಸರು, ಹಿಂಬದಿಯಲ್ಲಿ ಕೊರೆದ ದಿನದ ತಾರೀಖು. ನೂರಕ್ಕೂ ಹೆಚ್ಚು ತಟ್ಟೆಗಳಲ್ಲಿ ಅದೇ ಹಲ್ಲಿ ಬಾಲ.

"ಮೂರು ವಾರ ಆಯ್ತು. ದಿನಾ ಹತ್ತೂವರೆ ಆಯ್ತು ಅಂದ್ರೆ ಶುರು. ಒಂದಾದ ಮೇಲೊಂದು ಏಳು ಬಿಕ್ಕಳಿಕೆ. ಎರಡರ ಮಧ್ಯೆ ಕೈ ನಡುಗೋದು ನಿಲ್ಲೋದ್ರೊಳಗೆ ಇನ್ನೊಂದು ಬಂದಿರುತ್ತೆ."

"ಆ ಹೊತ್ತಲ್ಲಿ ಕೆಲಸ ನಿಲ್ಲಿಸಬಾರದೇನಕ್ಕಾ?"

"ನನಗೆ ಬೆಳಕು ಚೆನ್ನಾಗಿರೋದೇ ಹತ್ತರಿಂದ ಹನ್ನೆರಡರ ತನಕ," ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. "ಮಂಟಪದ ಸೆಕ್ರೆಟರಿ ನಿನ್ನೆ ಬಂದಿದ್ದ. ಇನ್ನು ಹತ್ತು ತಟ್ಟೆ ಕೆಟ್ರೆ ಮಿಕ್ಕಿದ್ದನ್ನೆಲ್ಲ ಪೇಟೆಯ ಮೆಷಿನ್ನಿಗೆ ಕಳಿಸ್ತಾನಂತೆ. ಆಮೇಲೆ ಯಾರು ಬರ್ತಾರೆ ನನ್ನ ಹತ್ರ? ಮೂವತ್ತು ವರ್ಷದಲ್ಲಿ ಒಂದಕ್ಷರ ತಪ್ಪಿದವಳಲ್ಲ ನಾನು. ಯಾರೋ ಪಾಪಿ ನನ್ನ ಹೊಟ್ಟೆ ಮೇಲೆ ಹೊಡೀತಾ ಅವ್ನೆ."

ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. "ಅಳಬೇಡಿ ಅಕ್ಕ. ಕಾಯ್ದೆ ಇರೋದು ಯಾತಕ್ಕೆ? ಆ ಪಾಪಿ ಯಾರೇ ಆಗಿರ್ಲಿ, ಕಿವಿ ಹಿಡ್ಕೊಂಡು ಪುರಸಭೆ ಮುಂದೆ ನಿಲ್ಲಿಸ್ತೀನಿ. ನಮ್ಮ ಕಂಪನಿಯಂತೂ ಅಲ್ಲ, ಬಿಡಿ. ಅಲ್ಲಿ ನಾನಿದ್ದೀನಿ," ಎಂದೆ. ನಾಲ್ಕು ಜನರೂ ಹೌದು ಹೌದೆಂದರು.

ಕೆಟ್ಟ ತಟ್ಟೆಗಳ ತಾರೀಖನ್ನೆಲ್ಲ ಒಂದು ಹಾಳೆಗೆ ಇಳಿಸಿಕೊಂಡು ಮನೆಗೆ ಹೋದೆ. ಮೊದಲು ಬ್ಯಾಂಕಿನ ಮೇಲೆ ಅನುಮಾನಪಟ್ಟೆ, ಆಮೇಲೆ ಸೀರೆ ಅಂಗಡಿಯ ಮೇಲೆ. ಆ ಸೀರೆ ಅಂಗಡಿಯವನೇ ಆಗಿರಲಪ್ಪಾ ಎಂದು ಆಸೆಯೂ ಪಟ್ಟೆ. ಭಾನುವಾರಗಳಂದು ತಟ್ಟೆ ಕೆಟ್ಟಿರಲಿಲ್ಲ. ಸರಿ, ಭಾನುವಾರ ಎಲ್ಲ ಕಚೇರಿಗಳಿಗೂ ರಜೆ. ಅದಲ್ಲದೆ ಒಂದೇ ಒಂದು ಗುರುವಾರ, ಹನ್ನೆರಡನೇ ತಾರೀಖು, ಎಲ್ಲ ತಟ್ಟೆಗಳೂ ನೆಟ್ಟಗಿದ್ದವು. ಆ ಗುರುವಾರ ಬ್ಯಾಂಕು ತೆರೆದಿತ್ತು. ಸೀರೆ ಅಂಗಡಿಯಲ್ಲಿ ಆಷಾಢದ ರಿಯಾಯಿತಿ, ಜನ ಕಾಲಿಡಲು ಜಾಗವಿರಲಿಲ್ಲ. ನನಗೆ ಇದೆಲ್ಲ ಹೇಗೆ ನೆನಪಿದೆ ಎಂದರೆ, ಅಂದು ನಾನು ದವಡೆ ಹಲ್ಲು ಕೀಳಿಸಿಕೊಂಡು ಕೆನ್ನೆ ಊದಿಸಿಕೊಂಡು ಅದೇ ರಸ್ತೆಯಲ್ಲಿ ಮನೆಗೆ ಬಂದಿದ್ದೆ. ಊರಿನಲ್ಲಿ ಅಂದು ನಡೆಯದೇ ಉಳಿದದ್ದು ಒಂದೇ. ನನ್ನ ತರಗತಿ.

ಕೈಯಲ್ಲಿದ್ದ ಹಾಳೆ ಕೈಯಲ್ಲೇ ಉಳಿಯಿತು. ಒಲೆಯ ಮೇಲೆ ಹಾಲು ಉಕ್ಕಿ ಹೋದ ವಾಸನೆ ಬಂದರೂ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ತರಗತಿ ರದ್ದು ಮಾಡಿದೆ. ಗುಮಾಸ್ತೆ ಫಿಲೋಮಿನಾಳನ್ನು ಕರೆದು, "ವಿಶಾಲಕ್ಕನ ಅಂಗಡಿಗೆ ಹೋಗಿ ಮೆಷಿನ್ನು ಕೆಳಗಿಡೋಕೆ ಹೇಳು. ಹತ್ತು ಗಂಟೆ ಹೊಡೆಯೋವರೆಗೆ ಅಲ್ಲೇ ನಿಂತಿದ್ದು ಬಾ," ಎಂದೆ. ಪುರಸಭೆಯ ಗಡಿಯಾರ ಹತ್ತು ಹೊಡೆಯುವಾಗ ಮಾದರಿ ಕಡತ ತೆರೆದೆ. ಅಂಟಿಸಿದ್ದ ಬಿಳಿ ಪಟ್ಟಿಯನ್ನು ಉಗುರಿನಿಂದ ಬಿಡಿಸಿದೆ. ವಿಶಾಲಾಕ್ಷಮ್ಮ ಎಂದಿತ್ತು. ಆ ಅಕ್ಷರ ನೋಡಿಯೂ ನನಗೆ ಹೊಳೆಯಬೇಡವೆ, ಊರಿನಲ್ಲಿ ಅಂಥ ಕೈ ಇನ್ನಾರದು? ಅದರ ಕೆಳಗೆ, ನಾನು ಮುಚ್ಚದೇ ಬಿಟ್ಟ ಸಾಲಿನಲ್ಲಿ: ಕೆಲಸ, ಪಾತ್ರೆಗೆ ಹೆಸರು ಹಾಕುವುದು. ಅದರ ಕೆಳಗೆ: ಕಾಯಿಲೆ, ಎಡಗಣ್ಣಿಗೆ ಪೊರೆ ಬರುತ್ತಿದೆ, ಮಂದ ಬೆಳಕಿನಲ್ಲಿ ಕಾಣುವುದಿಲ್ಲ.

ಹೆಸರೊಂದನ್ನು ಮುಚ್ಚಿ ಉಳಿದದ್ದನ್ನೆಲ್ಲ ಬಟಾಬಯಲು ಮಾಡಿದ್ದೆ. ಪಟ್ಟಿ ಅಂಟಿಸುವಾಗಲೂ ಅಕ್ಷರದ ಅಂದ ನೋಡಿದ್ದೆನೇ ಹೊರತು ಅಕ್ಷರ ಏನು ಹೇಳುತ್ತದೆಂದು ಓದಿರಲಿಲ್ಲ.

ಫಿಲೋಮಿನಾ ವಾಪಸು ಬಂದಳು. "ಹತ್ತು ಹೊಡೆಯೋವಾಗ ಒಂದು ಬಿಕ್ಕಳಿಕೆ ಬಂತು ಮೇಡಂ." ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಇದು ಅವರ ಕಡತ ಅಂತ ನಿನಗೆ ಗೊತ್ತಿತ್ತಾ?"

"ಮೊದಲ ದಿನವೇ ಗೊತ್ತಾಯ್ತು ಮೇಡಂ. ಹೆಸರು ಹಾಕೋರು ಊರಲ್ಲಿ ಅವರೊಬ್ಬರೇ ಅಲ್ವಾ? ಎಲ್ಲರಿಗೂ ಗೊತ್ತಾಗಿರುತ್ತೆ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ? ಯಾರೂ ಯಾಕೆ ಹೇಳಲಿಲ್ಲ?"

ಅವಳು ಪಾಪ, ತಲೆ ತಗ್ಗಿಸಿ ಸೆರಗಿನ ತುದಿ ಸುತ್ತಿದಳು. "ನೀವೇ ಹೇಳಿದ್ರಲ್ಲ ಮೇಡಂ. ಕಡತದಲ್ಲಿ ಓದಿದ್ದು ಬಾಯಿಗೆ ಬರಬಾರದು ಅಂತ. ನಾವು ನಮ್ಮ ನಮ್ಮಲ್ಲೂ ಮಾತಾಡಿಲ್ಲ."

ನಲವತ್ತೆರಡು ಜನ. ಮೂರು ವಾರ. ನಾಲ್ಕು ಅಂಗಡಿ ಆಚೆಯ ಹೆಂಗಸಿನ ಕಣ್ಣಿನ ವಿಷಯ ಒಬ್ಬರ ಬಾಯಿಂದಲೂ ಹೊರಬಿದ್ದಿರಲಿಲ್ಲ. ನಮ್ಮೂರಿನಲ್ಲಿ, ಮದುವೆ ಮನೆಯ ಪಾಯಸಕ್ಕೆ ಎಷ್ಟು ಗೋಡಂಬಿ ಹಾಕಿದರೆಂಬುದು ಊಟಕ್ಕೆ ಮೊದಲೇ ತಿಳಿಯುವ ಊರಿನಲ್ಲಿ! ನನಗೆ ಅಳುವೂ ಬಂತು, ಹೆಮ್ಮೆಯೂ ಬಂತು. ಪಾಠ ಅಷ್ಟು ಚೆನ್ನಾಗಿ ನಾಟಿದ್ದರಿಂದ ಮೇಷ್ಟ್ರ ತಪ್ಪನ್ನು ಮೇಷ್ಟ್ರಿಗೇ ಯಾರೂ ಹೇಳಿರಲಿಲ್ಲ.

ಪಂಚಾಕ್ಷರಯ್ಯನವರಿಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕ್ಲಾಸು ನಿಲ್ಲಿಸಿದೆ ತಾನೆ? ಬಿಕ್ಕಳಿಕೆ ತಾನಾಗೇ ನಿಲ್ಲುತ್ತೆ. ಮುಗೀತಲ್ಲ."

"ಮೂರು ದಿನದೊಳಗೆ ಬರೆದು ತಿಳಿಸಬೇಕು ಸಾರ್. ಅವರಿಗೂ, ಪುರಸಭೆಗೂ."

"ಕಾಯ್ದೆ ಬಂದಾಗಿನಿಂದ ಊರಲ್ಲಿ ಒಂದು ಕಂಪನೀನಾದ್ರೂ ತಿಳಿಸಿದೆಯಾ? ನಾವೇ ಮೊದಲು ಹೋಗಿ ಕೈ ಎತ್ತಬೇಕಾ? ಮತ್ತೆ ಯಾರ ಹೆಸರು ಬರುತ್ತೆ ಅಂದ್ಕೊಂಡೆ? ನಿನ್ನದೇ."

"ಬರ್ಲಿ ಸಾರ್. ಅದರ ಮೇಲೂ ಪಟ್ಟಿ ಅಂಟಿಸೋಕಾಗುತ್ತಾ?" ಎಂದೆ.

ಪುರಸಭೆಗೆ ತಿಳಿಸುವುದು ಸುಲಭ, ಕಾಗದ ಬರೆದರಾಯಿತು. ನಾಲ್ಕು ಅಂಗಡಿ ದಾಟುವುದು ಕಷ್ಟವಾಯಿತು. ಮೊದಲನೆಯ ದಿನ ಅಂಗಡಿಯ ಮುಂದಿನಿಂದ ಹಾದುಹೋದೆ. ಎರಡನೆಯ ದಿನ ಒಳಗೆ ಹೋಗಿ ಒಂದು ಲೋಟಕ್ಕೆ ಹೆಸರು ಹಾಕಿಸಿಕೊಂಡು ಬಂದೆ. ಅಕ್ಷರ ಚಿನ್ನದಂತೆ ಬಂದಿತ್ತು. "ಬಿಕ್ಕಳಿಕೆ ನಿಂತೋಯ್ತು ಮಂಗಳಮ್ಮ! ಯಾರಿಗೆ ಏನು ಮಂತ್ರ ಹಾಕಿದ್ರಿ?" ಎಂದು ಅವರು ನನ್ನ ಕೈಹಿಡಿದುಕೊಂಡರು. ಹಾಗೇ ಸುಮ್ಮನಿದ್ದರೆ ಊರೆಲ್ಲ ನನ್ನನ್ನು ಹೊಗಳುತ್ತಿತ್ತು. ಆ ರುಚಿ ನನಗೆ ಇಷ್ಟವಿಲ್ಲವೆಂದರೆ ಸುಳ್ಳಾಗುತ್ತದೆ.

ಮೂರನೆಯ ದಿನ ಕಾಗದ ಹಿಡಿದುಕೊಂಡು ಹೋದೆ. ಮೊನ್ನೆಯ ನಾಲ್ಕು ಜನರಲ್ಲಿ ಇಬ್ಬರು ಅಲ್ಲೇ ಇದ್ದರು. ಅವರನ್ನು ಆಚೆ ಕಳಿಸಿದೆ. ಕಣ್ಣಿನ ಮಾತು ಅವರ ಮುಂದೆ ಆಡುವಂತಿರಲಿಲ್ಲ. "ಆ ಪಾಪಿ ನಾನೇ ಅಕ್ಕ," ಎಂದೆ.

ಪೂರ್ತಿ ಹೇಳಿ ಮುಗಿಸುವವರೆಗೆ ಅವರು ಮೆಷಿನ್ನಿನ ವೈರನ್ನು ನಿಧಾನವಾಗಿ ಸುತ್ತುತ್ತಿದ್ದರು.

"ಎಷ್ಟು ಜನ ಓದಿದ್ರು?"

"ನಲವತ್ತೆರಡು. ನನ್ನನ್ನೂ ಸೇರಿಸಿದ್ರೆ ನಲವತ್ಮೂರು."

"ನನ್ನ ಮಗಳಿಗೇ ಹೇಳಿಲ್ಲ ಕಣಮ್ಮ ನಾನು. ಮಂಟಪದವನಿಗೆ ಗೊತ್ತಾದ್ರೆ ಆ ಕ್ಷಣಕ್ಕೆ ತಟ್ಟೆ ಎತ್ಕೊಂಡು ಹೋಗ್ತಾನೆ ಅಂತ ಎದೇಲಿ ಬಚ್ಚಿಟ್ಕೊಂಡಿದ್ದೆ. ವಿಮೆಯವರು ಕೇಳಿದ್ರು, ನಂಬಿ ಬರೆದೆ. ನೀನು ಅದನ್ನ ಪಾಠ ಮಾಡಿದೆ." ಬಹುವಚನ ಬಿಟ್ಟು ಏಕವಚನಕ್ಕೆ ಇಳಿದಿದ್ದರು. ನನಗೆ ಸಲ್ಲಬೇಕಾದದ್ದೇ ಅದು. "ಮೊನ್ನೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಎಷ್ಟು ಮಾತಾಡಿದೆ!"

"ಆಡಿದೆ," ಎಂದೆ. "ಕಿವಿ ಹಿಡಿದು ಪುರಸಭೆ ಮುಂದೆ ನಿಲ್ಲಿಸ್ತೀನಿ ಅಂದಿದ್ದೆ. ಈಗ ಅಲ್ಲಿಗೇ ಹೊರಟಿದ್ದೀನಿ. ಪುರಸಭೆಗೆ ಬರೆದ ಕಾಗದದಲ್ಲಿ ನಿಮ್ಮ ಹೆಸರು, ಕಣ್ಣಿನ ಮಾತು ಯಾವುದೂ ಇಲ್ಲ. ಮಂಟಪದ ಸೆಕ್ರೆಟರಿಗೂ ಬರೆದಿದ್ದೀನಿ, ತಟ್ಟೆ ಕೆಟ್ಟಿದ್ದು ನಮ್ಮ ಕಂಪನಿಯ ತಪ್ಪಿನಿಂದ, ಕೆಟ್ಟ ತಟ್ಟೆಗೆಲ್ಲ ಹೊಸ ತಟ್ಟೆ ಕಂಪನಿಯೇ ತಂದುಕೊಡುತ್ತೆ, ಹೆಸರು ನಿಮ್ಮ ಕೈಯಿಂದಲೇ ಆಗಬೇಕು ಅಂತ. ನೀವು ಒಪ್ಪಿದ್ರೆ ಕೊಡ್ತೀನಿ. ಒಪ್ಪದಿದ್ರೆ ಹರಿದು ಹಾಕ್ತೀನಿ."

ಅವರು ಸೆಕ್ರೆಟರಿಗೆ ಬರೆದ ಕಾಗದ ತೆಗೆದುಕೊಂಡು ಬಲಗಣ್ಣಿನ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿದರು. "ಕೊಡು," ಎಂದು ನನ್ನ ಕಡೆ ನೋಡದೆ ಮೆಷಿನ್ನು ಕೈಗೆತ್ತಿಕೊಂಡರು. ಕ್ಷಮಿಸಿದೆ ಎನ್ನಲಿಲ್ಲ.

ಕಡತ ಕಾಯ್ದೆಯಡಿ ಪುರಸಭೆಯ ಹಲಗೆಯ ಮೇಲೆ ಹತ್ತಿದ ಮೊದಲ ತಪ್ಪೊಪ್ಪಿಗೆ ನನ್ನದು. ಕಂಪನಿಯ ಹೆಸರು, ಕೆಳಗೆ ನನ್ನ ಹೆಸರು, ಹುದ್ದೆ, ಸಹಿ. ಊರು ಗುಂಪುಗೂಡಿ ಓದಿತು. ಅಷ್ಟೂ ಜನಕ್ಕೆ ಒಂದೊಂದು ಎಂದು ನನಗೆ ಬಿಕ್ಕಳಿಕೆಯ ಮೇಲೆ ಬಿಕ್ಕಳಿಕೆ ಬಂತು. ಅದನ್ನು ನಾನೇ ಬರೆದು ನಾನೇ ಹಚ್ಚಿದ್ದು, ಆದ್ದರಿಂದ ಚೆಂಬು ನೀರು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಿದೆ. ಸಂಜೆ ಪುರಸಭೆಯ ಬಾಗಿಲು ಹಾಕಿದ ಮೇಲೂ ಬಿಕ್ಕಳಿಕೆ ನಿಲ್ಲದಿದ್ದಾಗ ಮಾತ್ರ ಎದ್ದೆ. ಮಹಡಿ ಹತ್ತಿ ಅಧ್ಯಕ್ಷರ ಕೋಣೆಯ ಬಾಗಿಲು ತಳ್ಳಿದೆ. ಪಂಚಾಕ್ಷರಯ್ಯನವರು ನನ್ನ ಸೇವಾ ಪುಸ್ತಕವನ್ನು ಮತ್ತೆ ಮತ್ತೆ ತೆರೆದು ಓದುತ್ತ ಕೂತಿದ್ದರು. ಅವರಿಗೆ ನನ್ನ ಹಳೆಯ ತಪ್ಪೊಂದನ್ನು ಹುಡುಕಿ ಹುದ್ದೆ ಕಿತ್ತುಕೊಳ್ಳಬೇಕಿತ್ತು.

"ಉದ್ದೇಶ ತಿಳಿಸಿ ಸಾರ್," ಎಂದೆ, ಬಿಕ್ಕಳಿಕೆಯ ನಡುವೆ.

"ಏನಿಲ್ಲಮ್ಮ... ನಿನ್ನ ಹುಟ್ಟಿದ ಹಬ್ಬ ಯಾವತ್ತು ಅಂತ..." ಎಂದರು ಅವರು. ಪುಸ್ತಕ ಮಡಿಚಿದರು. ನಾನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗಿಳಿದೆ. ಆ ವರ್ಷ ನನ್ನ ಹುಟ್ಟಿದ ಹಬ್ಬಕ್ಕೆ ಅವರು ಮೈಸೂರ್‌ಪಾಕು ಕಳಿಸಿದರು. ಬೇರೆ ದಾರಿ ಇರಲಿಲ್ಲ.

ನನ್ನ ಕಾಗದ ಹತ್ತಿದ ವಾರದಲ್ಲೇ ಬ್ಯಾಂಕಿನವರದು ಹತ್ತಿತು. ಆಮೇಲೆ ಗ್ಯಾಸಿನವರದು. ಸೀರೆ ಅಂಗಡಿಯವನದು ಎರಡು ಹಾಳೆ ಇತ್ತು! ಹಲಗೆ ಸಾಲದೆ ಪುರಸಭೆಯವರು ಇನ್ನೊಂದು ಮಾಡಿಸಿದರು. ಊರಿನ ಬಿಕ್ಕಳಿಕೆ ಇಳಿಯುತ್ತ ಬಂತು. ಮದುಮಕ್ಕಳು ಮೂರು ಗಂಟನ್ನು ಹೊತ್ತಿಗೆ ಸರಿಯಾಗಿ ಹಾಕತೊಡಗಿದರು. ಇದನ್ನು ನಾನು ಕೊಚ್ಚಿಕೊಳ್ಳುತ್ತೇನೆ ಎಂದು ನೀವು ಅಂದುಕೊಂಡರೆ, ಹೌದು, ಕೊಚ್ಚಿಕೊಳ್ಳುತ್ತೇನೆ. ಆದರೆ ನನ್ನ ತರಗತಿಯಲ್ಲಿ ಈಗ ಓದುವ ಮಾದರಿ ಕಡತ ನನ್ನದೇ. ದಿನಾ ಹತ್ತೂವರೆಗೆ ಏಳು ಬಿಕ್ಕಳಿಕೆ.

ವಿಶಾಲಕ್ಕ ಎಂಟುನೂರು ತಟ್ಟೆ ಮುಗಿಸಿದರು. ನನ್ನ ಜೊತೆ ಮಾತು ಮಾತ್ರ ಅಷ್ಟಕ್ಕಷ್ಟೇ. ಲೋಟ ಕೊಟ್ಟರೆ ಹೆಸರು ಹಾಕುವರು, ಕುಳಿತುಕೋ ಎನ್ನುವುದಿಲ್ಲ. ಹೀಗೇ ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಗಳ ಕೈ ಹಿಡಿದುಕೊಂಡು ನಮ್ಮ ಕಚೇರಿಗೇ ಬಂದರು. ಮಗಳಿಗೆ ತಾವೇ ಹೇಳಿದ್ದರು. ಒಪ್ಪಿಗೆಯ ಅರ್ಜಿಯೊಂದನ್ನು ತುಂಬಿ ತಂದಿದ್ದರು, ಅದೇ ಮುತ್ತಿನಂಥ ಅಕ್ಷರ. ಕಡತ ತೆರೆಯುವ ಉದ್ದೇಶ ಎಂಬಲ್ಲಿ 'ಎಡಗಣ್ಣಿನ ಆಪರೇಷನ್ನು' ಎಂದಿತ್ತು. ಎಷ್ಟು ಸಲ ಎಂಬಲ್ಲಿ 'ಒಂದು'. ಯಾರು ತೆರೆಯಬೇಕು ಎಂಬಲ್ಲಿ ನನ್ನ ಹೆಸರು.

"ನಾಳೆ ಹತ್ತು ಗಂಟೆಗೆ ಡಾಕ್ಟ್ರು ಕತ್ತಿ ಹಿಡೀತಾರೆ. ಅದಕ್ಕೆ ಮುಂಚೆ ನೀನು ತೆರೆದು ಓದಿ ವಿಮೆ ಮಂಜೂರು ಮಾಡಿರಬೇಕು. ಹತ್ತಕ್ಕೆ ಐದು ನಿಮಿಷ ಇರೋವಾಗ ತೆರಿ. ಬಿಕ್ಕಳಿಕೆ ಬಂದ ಮೇಲೇನೇ ಅವರಿಗೆ ಕಣ್ಣು ಮುಟ್ಟೋಕೆ ಬಿಡ್ತೀನಿ," ಎಂದರು. ಬಾಗಿಲವರೆಗೆ ಹೋದವರು ತಿರುಗಿ, "ಒಂದೇ ಸಲ ಕಣೇ," ಎಂದರು.

ಮರುದಿನ ನಲವತ್ತೆರಡು ಜನರೂ ಪೆನ್ನು ಕೆಳಗಿಟ್ಟು ಕೂತಿದ್ದರು. ಹತ್ತಕ್ಕೆ ಐದು ನಿಮಿಷವಿರುವಾಗ ಕಡತ ತೆರೆದೆ, ಮೇಲಿನಿಂದ ಕೆಳಗಿನವರೆಗೆ, ಈ ಸಲ ಅಕ್ಷರವನ್ನಲ್ಲ, ಬರೆದದ್ದನ್ನು ಓದಿದೆ. ಸಹಿ ಹಾಕಿ ಮುಚ್ಚಿ ದಾರ ಕಟ್ಟಿದೆ. ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು, ಮಗಳು ಎಲ್ಲರೂ ವಿಶಾಲಕ್ಕನ ಬಾಯನ್ನೇ ನೋಡುತ್ತ ನಿಂತಿದ್ದರಂತೆ. ಒಂದು ಬಿಕ್ಕಳಿಕೆ ಬಂತಂತೆ. ಡಾಕ್ಟರು ಇನ್ನೆರಡು ನಿಮಿಷ ಕಾಯೋಣವೇ ಎಂದರೆ, "ಬೇಡ, ಶುರು ಮಾಡಿ. ಇನ್ನೊಂದು ಬರಲ್ಲ. ಅಲ್ಲಿ ಮಂಗಳ ಇದ್ದಾಳೆ," ಎಂದರಂತೆ ವಿಶಾಲಕ್ಕ.